ತೋಟದ ತುಂಬ ಇರುವ ಮಂಗ ಅಪಾಯದ ಪಟ್ಟಿಯಲ್ಲಿ, ಕಣ್ಣಿಗೇ ಬೀಳದ ಸಿಳ್ಳೆ ಹಕ್ಕಿ ಕ್ಷೇಮ: ಇದು ಹೇಗೆ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ ಕಾಫಿ ತೋಟ. ಎಂಟನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಂದು ಹಾಡುಹಕ್ಕಿ, ಒಂದು ಮಂಗ ಆರಿಸಿಕೊಂಡು ಎರಡರ ವರ್ಗೀಕರಣ ಮತ್ತು ಸಂರಕ್ಷಣೆಯ ಸ್ಥಿತಿಯನ್ನು ಹೋಲಿಸಿ ಚಾರ್ಟ್ ಮಾಡಬೇಕಂತೆ. ಅವಳು ನಮ್ಮ ಹಳ್ಳದಲ್ಲಿ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿಯನ್ನೂ ತೋಟಕ್ಕೆ ಬರುವ ಮಂಗವನ್ನೂ ಆರಿಸಿಕೊಂಡಳು. ನೆಟ್‌ನಲ್ಲಿ ನೋಡಿ ಹಕ್ಕಿಗೆ ‘ಲೀಸ್ಟ್ ಕನ್ಸರ್ನ್’, ಮಂಗಕ್ಕೆ ‘ವಲ್ನರಬಲ್’ ಅಂತ ಬರೆದಳು. ನಮ್ಮ ಮಾವ ನೋಡಿ, “ಉಲ್ಟಾ ಬರೆದಿದ್ದೀಯ, ತಿದ್ದು” ಅಂದರು. ಹಕ್ಕಿ ಮಳೆಗಾಲದಲ್ಲಿ ಎಲ್ಲೋ ಒಂದು ಕೇಳುತ್ತೆ, ಮಂಗ ಮಾತ್ರ ದಿನಾ ಬಾಳೆಗೊನೆ ಕೀಳುತ್ತೆ. ಯಾರು ಸರಿ? ಇನ್ನೊಂದು ಪ್ರಶ್ನೆ: ಈ ಮಂಗಗಳನ್ನು ಹಿಡಿಸಿ ದೂರ ಬಿಡಿಸಬಹುದಾ?

ಉತ್ತರ: ಮಗಳು ಬರೆದದ್ದು ಸರಿ, ತಿದ್ದಬೇಡಿ. ಆದರೆ ನಿಮ್ಮ ಮಾವ ಹೇಳಿದ್ದನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಅವರು ನೋಡುತ್ತಿರುವುದು ತಮ್ಮ ತೋಟವನ್ನು, ಪಟ್ಟಿ ನೋಡುವುದು ಆ ಪ್ರಾಣಿ ಇರುವ ಇಡೀ ಪ್ರದೇಶವನ್ನು. ಎರಡೂ ಕಡೆ ಬೇರೆ ಬೇರೆ ಚಿತ್ರ ಕಾಣುವುದಕ್ಕೆ ಕಾರಣಗಳಿವೆ. ಅದಕ್ಕೂ ಮುಂಚೆ ವರ್ಗೀಕರಣದ ಭಾಗ ಮುಗಿಸೋಣ.

ಮೇಲಿನ ಸಾಲುಗಳು ಸುಲಭ. ಎರಡೂ ಪ್ರಾಣಿ ಸಾಮ್ರಾಜ್ಯಕ್ಕೆ ಸೇರಿದವು, ಎರಡಕ್ಕೂ ಬೆನ್ನುಮೂಳೆ ಇದೆ, ಹಾಗಾಗಿ ವಂಶವೂ ಒಂದೇ, ಕಾರ್ಡೇಟಾ. ವರ್ಗಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಒಂದು ಪಕ್ಷಿ, ಇನ್ನೊಂದು ಸಸ್ತನಿ. ಈ ಎರಡು ಕವಲು ಬೇರೆಯಾಗಿ ಸುಮಾರು 32 ಕೋಟಿ ವರ್ಷ ಆಗಿದೆ. ಆಗ ಇನ್ನೂ ಡೈನೋಸಾರ್‌ಗಳೂ ಹುಟ್ಟಿರಲಿಲ್ಲ.

ಗಣ, ಕುಟುಂಬದ ಸಾಲಿಗೆ ಬಂದಾಗ ಸ್ವಲ್ಪ ಹುಷಾರಾಗಿರಬೇಕು. ಚಾರ್ಟ್‌ನಲ್ಲಿ ಅಕ್ಕಪಕ್ಕ ಬರೆದರೆ ಎರಡೂ ಒಂದೇ ಅಳತೆಯ ಗುಂಪು ಅನ್ನಿಸುತ್ತದೆ. ಹಾಗಿಲ್ಲ. ಸಿಳ್ಳೆ ಹಕ್ಕಿಯ ಗಣ ಪ್ಯಾಸೆರಿಫಾರ್ಮಿಸ್. ಅದರಲ್ಲಿ 6,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಅಂದರೆ ಜಗತ್ತಿನ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಗಣದವು. ಮಂಗದ ಗಣ ಪ್ರೈಮೇಟ್ಸ್. ಇದರಲ್ಲಿ ಇರುವುದು ಸುಮಾರು 500 ಪ್ರಭೇದ ಅಷ್ಟೇ. ಗಣ, ಕುಟುಂಬ ಅನ್ನುವ ಮಟ್ಟಗಳು ನಾವು ಅನುಕೂಲಕ್ಕೆ ಹಾಕಿಕೊಂಡ ಗೆರೆಗಳು. ಹಕ್ಕಿ ತಜ್ಞರು ಗೆರೆ ಎಳೆದ ಜಾಗಕ್ಕೂ ಸಸ್ತನಿ ತಜ್ಞರು ಎಳೆದ ಜಾಗಕ್ಕೂ ತಾಳೆ ಇರಬೇಕು ಅಂತೇನಿಲ್ಲ. ಸಂಬಂಧ ಎಷ್ಟು ಹತ್ತಿರ, ಎಷ್ಟು ದೂರ ಅನ್ನುವುದು ಮುಖ್ಯ. ಸಾಲಿನ ಹೆಸರಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ.

ಹಾಡುಹಕ್ಕಿ ಅನ್ನುವ ವಿಷಯದಲ್ಲಿ ಮಗಳಿಗೆ ಖುಷಿ ಕೊಡುವಂಥದ್ದೊಂದಿದೆ. ಪ್ಯಾಸೆರಿಫಾರ್ಮಿಸ್ ಗಣದೊಳಗೆ ಪ್ಯಾಸೆರಿ ಎಂಬ ಉಪಗಣ ಇದೆ. ಹಾಡುಹಕ್ಕಿ ಅಂದರೆ ವಿಜ್ಞಾನದಲ್ಲಿ ಈ ಉಪಗಣದ ಹಕ್ಕಿ. ಕಿವಿಗೆ ಇಂಪಾಗಿರಬೇಕು ಅನ್ನುವ ನಿಯಮ ಇಲ್ಲ. ಆದ್ದರಿಂದ ಗುಬ್ಬಿ, ಗೊರವಂಕ, ಪಿಕಳಾರದ ಜೊತೆ ಕಾಗೆಯೂ ಹಾಡುಹಕ್ಕಿಯೇ! ಕವಿಗಳು ಹೊಗಳಿದ ಕೋಗಿಲೆ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ನಿಮ್ಮ ಅತ್ತಿಮರದಲ್ಲಿ ಕೂತು ಬೇಸಿಗೆಯಿಡೀ ಕುಟ್ರೂ ಕುಟ್ರೂ ಅನ್ನುವ ಕುಟ್ರ ಹಕ್ಕಿಯೂ ಸೇರುವುದಿಲ್ಲ, ಅದು ಮರಕುಟಿಗದ ಬಳಗ.

ವ್ಯತ್ಯಾಸ ಇರುವುದು ಗಂಟಲಿನ ರಚನೆಯಲ್ಲಿ ಮತ್ತು ಕಲಿಕೆಯಲ್ಲಿ. ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳ ಧ್ವನಿಪೆಟ್ಟಿಗೆ ಕೆಳಗೆ, ಶ್ವಾಸನಾಳ ಎರಡಾಗಿ ಒಡೆಯುವ ಜಾಗದಲ್ಲಿದೆ. ಅದರ ಹೆಸರು ಸಿರಿಂಕ್ಸ್. ಹಾಡುಹಕ್ಕಿಗಳಲ್ಲಿ ಅದನ್ನು ಆಡಿಸುವ ಸ್ನಾಯುಗಳು ಬಹಳ ಬೆಳೆದಿವೆ. ಎಡ ಬಲ ಎರಡೂ ಕಡೆಯಿಂದ ಬೇರೆ ಬೇರೆ ಸ್ವರ ಹೊರಡಿಸಬಲ್ಲವು. ಇದಕ್ಕಿಂತ ದೊಡ್ಡ ವಿಷಯ ಅಂದರೆ ಅವು ಹಾಡನ್ನು ದೊಡ್ಡವುಗಳಿಂದ ಕೇಳಿ ಕಲಿಯುತ್ತವೆ. ಕೋಗಿಲೆ ಮರಿ ಕಾಗೆಗೂಡಿನಲ್ಲಿ ಬೆಳೆದರೂ ಕಾಗೆಯಂತೆ ಕೂಗದೆ ಕುಹೂ ಅಂತಲೇ ಕೂಗುತ್ತದೆ. ಅದರ ಕೂಗು ಹುಟ್ಟಿನಿಂದ ಬಂದದ್ದು.

ಈಗ ನಿಮ್ಮ ಹಳ್ಳದ ಹಕ್ಕಿ. ವೈಜ್ಞಾನಿಕ ಹೆಸರು ಮಯೋಫೋನಸ್ ಹಾರ್ಸ್‌ಫೀಲ್ಡಿಐ. ವಿಗರ್ಸ್ ಎಂಬ ಪಕ್ಷಿತಜ್ಞ 1831ರಲ್ಲಿ ಹೆಸರಿಟ್ಟದ್ದು. ಸುಮಾರು 25 ಸೆಂಟಿಮೀಟರ್ ಉದ್ದ, ದೂರದಿಂದ ಪೂರ್ತಿ ಕಪ್ಪು. ಬಿಸಿಲು ತಾಗಿದಾಗ ಹಣೆ ಮತ್ತು ಹೆಗಲ ಮೇಲೆ ಹೊಳೆಯುವ ನೀಲಿ ಕಾಣುತ್ತದೆ. ಹೆಸರಲ್ಲಿ ಥ್ರಶ್ ಇದೆ, ಹಳೇ ಪುಸ್ತಕಗಳಲ್ಲಿ ಇದನ್ನು ಥ್ರಶ್‌ಗಳ ಕುಟುಂಬವಾದ ಟರ್ಡಿಡೇಯಲ್ಲೇ ಇಟ್ಟಿದ್ದರು. ಡಿಎನ್‌ಎ ಹೋಲಿಸಿ ನೋಡಿದಾಗ ಇದು ನೊಣಹಿಡುಕಗಳ ಕುಟುಂಬಕ್ಕೆ, ಅಂದರೆ ಮಸ್ಕಿಕ್ಯಾಪಿಡೇಗೆ ಸೇರಬೇಕು ಅಂತ ಗೊತ್ತಾಯಿತು. ಮಗಳ ಟೀಚರ್ ಹಳೇ ಪುಸ್ತಕ ನೋಡಿ ಟರ್ಡಿಡೇ ಅಂದರೆ ಈ ಕಾರಣ ಹೇಳಲಿ. ನಿಮ್ಮ ಅಂಗಳದಲ್ಲಿ ಬಾಲ ಎತ್ತಿ ಕೂರುವ ಕಪ್ಪು ಬಿಳಿ ಮಡಿವಾಳ ಹಕ್ಕಿ ಕೂಡ ಇದೇ ಕುಟುಂಬದ್ದು.

ಮಂಗದ ಕಡೆ ಬನ್ನಿ. ಘಟ್ಟದ ಮೇಲೆ ಕೆಳಗೆ ನಾವು ದಿನಾ ನೋಡುವುದು ಬಾನೆಟ್ ಮಕಾಕ್, ವೈಜ್ಞಾನಿಕ ಹೆಸರು ಮಕಾಕ ರೇಡಿಯೇಟಾ. ನೆತ್ತಿಯ ಮೇಲೆ ನಡುವಿನಿಂದ ಸುತ್ತಲೂ ಹರಡಿದ ಕೂದಲಿನ ಟೋಪಿ ಇರುತ್ತದಲ್ಲ, ಅದೇ ಗುರುತು. ದಕ್ಷಿಣ ಭಾರತ ಬಿಟ್ಟು ಜಗತ್ತಿನ ಬೇರೆಲ್ಲೂ ಇದು ಸಹಜವಾಗಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕುಟುಂಬ ಸರ್ಕೋಪಿಥೆಸಿಡೇ, ಏಷ್ಯಾ ಮತ್ತು ಆಫ್ರಿಕಾದ ಕೋತಿಗಳ ಕುಟುಂಬ. ತೋಟದಲ್ಲಿ ನೀವು ಉದ್ದ ಬಾಲ, ಕಪ್ಪು ಮುಖದ ಮುಸುವವನ್ನೂ ನೋಡಿರುತ್ತೀರಿ. ಅದೂ ಇದೇ ಕುಟುಂಬ, ಆದರೆ ಉಪಕುಟುಂಬ ಬೇರೆ. ಮಂಗಕ್ಕೆ ಕೆನ್ನೆಯೊಳಗೆ ಚೀಲ ಇದೆ. ಸಿಕ್ಕಿದ್ದನ್ನು ತುಂಬಿಕೊಂಡು ಓಡಿ, ಆಮೇಲೆ ನಿಧಾನಕ್ಕೆ ತಿನ್ನುತ್ತದೆ. ಮುಸುವಕ್ಕೆ ಆ ಚೀಲ ಇಲ್ಲ. ಅದರ ಬದಲು ಎಲೆ ಅರಗಿಸಿಕೊಳ್ಳುವ ಹಲವು ಕೋಣೆಗಳ ಹೊಟ್ಟೆ ಇದೆ. ಅದಕ್ಕೇ ಬಾಳೆಗೊನೆ ವಿಷಯದಲ್ಲಿ ಮುಸುವದ ಮೇಲೆ ದೂರು ಸ್ವಲ್ಪ ಕಡಿಮೆ.

ಬಯಲುಸೀಮೆ ಕಡೆ ರಾತ್ರಿ ಪೊದೆಗಳಲ್ಲಿ ಓಡಾಡುವ ಕಾಡುಪಾಪವೂ ಪ್ರೈಮೇಟ್ ಗಣದ್ದೇ, ಆದರೆ ಅದು ಮಂಗ ಅಲ್ಲ. ಅದರ ಕವಲು ಬಹಳ ಹಿಂದೆಯೇ ಬೇರೆಯಾಗಿದೆ. ಮಂಗದ ಕವಲು ಮತ್ತು ಮನುಷ್ಯನ ಕವಲು ಬೇರೆಯಾದದ್ದು ಅದಕ್ಕಿಂತ ಎಷ್ಟೋ ಈಚೆಗೆ, ಸುಮಾರು ಎರಡೂವರೆ ಮೂರು ಕೋಟಿ ವರ್ಷದ ಹಿಂದೆ. ಹಾಗಾಗಿ ತೋಟದ ಮಂಗಕ್ಕೆ ಕಾಡುಪಾಪಕ್ಕಿಂತ ನಿಮ್ಮ ಮಾವನವರೇ ಹತ್ತಿರದ ಸಂಬಂಧಿ. ಇದನ್ನು ಅವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದು ಸಣ್ಣ ವಿಷಯಾಂತರ. ಮಂಗ ಹಣ್ಣು ಜಗಿದು ಉಗಿದ ಬೀಜದಿಂದ ಮಾಡಿದ ಚಿಕ್ಕಮಗಳೂರಿನ ‘ಮಂಕಿ ಕಾಫಿ’ ಅಂತ ಮಾರುತ್ತಾರಲ್ಲ, ಅದರ ವಿವರದಲ್ಲಿ ಎಷ್ಟೋ ಕಡೆ ರೀಸಸ್ ಮಂಗ ಅಂತ ಬರೆದಿರುತ್ತದೆ. ರೀಸಸ್ ಉತ್ತರ ಭಾರತದ ಮಂಗ. ನಮ್ಮ ಮಲೆನಾಡು ಅದರ ಸಹಜ ನೆಲೆಯೇ ಅಲ್ಲ. ಇಲ್ಲಿ ಕಾಫಿ ಹಣ್ಣಿಗೆ ಬಾಯಿ ಹಾಕುವುದು ನಮ್ಮ ಟೋಪಿಮಂಗ. ಮಗಳು ನೆಟ್‌ನಿಂದ ಫೋಟೋ ತೆಗೆದುಕೊಂಡರೆ ಇದನ್ನು ನೋಡಿಕೊಳ್ಳಲಿ. ರೀಸಸ್ ಮಂಗದ ಬಾಲ ಮೋಟು, ಹಿಂಭಾಗ ಕೆಂಚು. ನಮ್ಮದರ ಬಾಲ ಮೈಯಷ್ಟೇ ಅಥವಾ ಇನ್ನೂ ಉದ್ದ.

ಇನ್ನು ಅಸಲು ಪ್ರಶ್ನೆ. ಮಗಳು ನೋಡಿದ್ದು ಐಯುಸಿಎನ್‌ನ ಕೆಂಪು ಪಟ್ಟಿ. ಐಯುಸಿಎನ್ 1948ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಸ್ಥೆ, ಕೆಂಪು ಪಟ್ಟಿಯ ಕೆಲಸ 1964ರಿಂದ ನಡೆದಿದೆ. ಹಕ್ಕಿಗಳ ಮೌಲ್ಯಮಾಪನವನ್ನು ಅದರ ಪರವಾಗಿ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಮಾಡುತ್ತದೆ. ಲೀಸ್ಟ್ ಕನ್ಸರ್ನ್ ಅಂದರೆ ಸದ್ಯಕ್ಕೆ ಚಿಂತೆ ಕಡಿಮೆ. ಅದರ ಮೇಲೆ ನಿಯರ್ ಥ್ರೆಟನ್ಡ್. ಆಮೇಲೆ ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್ ಅಂತ ಅಪಾಯ ಏರುತ್ತಾ ಹೋಗುತ್ತದೆ.

ಈ ಪಟ್ಟಿ ಬರೀ ತಲೆ ಎಣಿಸುವುದಿಲ್ಲ. ಜನಕ್ಕೆ ಗೊಂದಲ ಆಗುವುದು ಇಲ್ಲೇ. ಒಂದು ಪ್ರಭೇದ ವಲ್ನರಬಲ್ ಆಗಲು ಹಲವು ದಾರಿಗಳಿವೆ. ಬೆಳೆದ ಪ್ರಾಣಿಗಳ ಸಂಖ್ಯೆ 1,000ಕ್ಕಿಂತ ಕೆಳಗೆ ಇರಬಹುದು. ವಾಸದ ಜಾಗ ಚಿಕ್ಕದಾಗಿ, ಚೂರುಚೂರಾಗಿ ಕುಗ್ಗುತ್ತಿರಬಹುದು. ಅಥವಾ ಇನ್ನೂ ಸಾಕಷ್ಟು ಸಂಖ್ಯೆ ಇದ್ದೂ ಬೇಗ ಬೇಗ ಇಳಿಯುತ್ತಿರಬಹುದು. ಹತ್ತು ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ಜಾಸ್ತಿಯೋ ಆ ಅವಧಿಯಲ್ಲಿ, 30 ಶೇಕಡಾ ಇಳಿದು, ಇಳಿಕೆಯ ಕಾರಣ ಇನ್ನೂ ನಿಂತಿಲ್ಲ ಅಂದರೆ ವಲ್ನರಬಲ್. 50 ಶೇಕಡಾ ಆದರೆ ಎಂಡೇಂಜರ್ಡ್. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅನ್ನುವುದರ ಜೊತೆಗೆ ತಿಂಗಳಿಗೆ ಎಷ್ಟು ಕರಗುತ್ತಿದೆ ಅಂತಲೂ ಲೆಕ್ಕ ಹಾಕುತ್ತೇವಲ್ಲ, ಹಾಗೆ.

ಟೋಪಿಮಂಗ ಸಿಕ್ಕಿಬಿದ್ದದ್ದು ಈ ಇಳಿಕೆಯ ಲೆಕ್ಕದಲ್ಲಿ. 2008ರಲ್ಲಿ ಇದೂ ಲೀಸ್ಟ್ ಕನ್ಸರ್ನ್ ಆಗಿತ್ತು. ಎಲ್ಲ ಕಡೆ ಕಾಣುತ್ತೆ, ಇದಕ್ಕೇನು ಚಿಂತೆ ಅನ್ನುವ ಭಾವನೆ ತಜ್ಞರಲ್ಲೂ ಇತ್ತು, ನಿಮ್ಮ ಮಾವನವರಲ್ಲಿ ಮಾತ್ರ ಅಲ್ಲ. ಲೆಕ್ಕ ಇಟ್ಟವರು ಬೇರೆ ಕಥೆ ಹೇಳಿದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರು ಸುತ್ತಮುತ್ತಲಿನ ರಸ್ತೆಗಳಲ್ಲಿ ದಶಕಗಳ ಕಾಲ ಮಂಗಗಳನ್ನು ಎಣಿಸುತ್ತಾ ಬಂದವರು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 25 ವರ್ಷದಲ್ಲಿ ಅಲ್ಲಿನ ಮಂಗಗಳ ಸಂಖ್ಯೆ 65 ಶೇಕಡಾಕ್ಕಿಂತ ಜಾಸ್ತಿ ಇಳಿದಿತ್ತು. 2020ರ ಕೆಂಪು ಪಟ್ಟಿಯಲ್ಲಿ ಇದು ವಲ್ನರಬಲ್ ಆಯಿತು.

ಏನಾಯಿತು ಈ ಮಂಗಗಳಿಗೆ? ಹಳೇ ಮೈಸೂರು ಸೀಮೆಯ ರಸ್ತೆಗಳ ಎರಡೂ ಬದಿ ಆಲ, ಅರಳಿ, ಅತ್ತಿ, ಹುಣಸೆ ಮರಗಳ ಸಾಲು ಇತ್ತು. ಸಾಲುಮರ ಮಂಗಗಳಿಗೆ ಊಟವೂ ಆಗಿತ್ತು, ರಾತ್ರಿ ಮಲಗುವ ಜಾಗವೂ ಆಗಿತ್ತು. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದೇ ಈ ಮರಗಳು. ಹಾಸನದ ಮೇಲೆ ಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಹಿಂದೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರ ಹೋದ ಮೇಲೆ ಗುಂಪುಗಳು ಊರಿಗೆ, ದೇವಸ್ಥಾನಕ್ಕೆ, ತೋಟಕ್ಕೆ ನುಗ್ಗುತ್ತವೆ. ಊರಿನವರು ದೂರು ಕೊಡುತ್ತಾರೆ, ಹಿಡಿದು ಲಾರಿಯಲ್ಲಿ ತುಂಬಿ ಎಲ್ಲೋ ಕಾಡಂಚಿನಲ್ಲಿ ಬಿಡುತ್ತಾರೆ. ದಾರಿಯಲ್ಲಿ ಕೆಲವು ಸಾಯುತ್ತವೆ, ಗುಂಪು ಒಡೆಯುತ್ತದೆ.

ಉತ್ತರದ ಗಡಿಯಲ್ಲಿ ಇನ್ನೊಂದು ಒತ್ತಡ ಇದೆ. ತಪತಿ, ಗೋದಾವರಿ ನದಿಗಳ ಆಸುಪಾಸಿನವರೆಗೆ ಇದ್ದ ರೀಸಸ್ ಮಂಗ ದಕ್ಷಿಣಕ್ಕೆ ಹರಡುತ್ತಿದೆ, ಅಲ್ಲೆಲ್ಲ ಟೋಪಿಮಂಗ ಜಾಗ ಬಿಡುತ್ತಿದೆ. ದಕ್ಷಿಣ ಭಾರತ ಬಿಟ್ಟರೆ ಇದಕ್ಕೆ ಬೇರೆ ನೆಲೆ ಇಲ್ಲ ಅಂತ ಹೇಳಿದ್ದೆನಲ್ಲ, ಅದು ಇಲ್ಲಿ ಮುಖ್ಯವಾಗುತ್ತದೆ. ಹುಲಿ, ಆನೆಗಾದರೆ ರಕ್ಷಿತ ಕಾಡು ಇದೆ. ಟೋಪಿಮಂಗ ದಟ್ಟ ಕಾಡಿನೊಳಗೆ ಅಷ್ಟಾಗಿ ಇರುವುದಿಲ್ಲ, ಜನರ ಪಕ್ಕದಲ್ಲೇ ಬದುಕುವ ಪ್ರಾಣಿ. ಹಾಗಾಗಿ ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇದ್ದರೂ ಅವುಗಳಿಂದ ಇದಕ್ಕೆ ಸಿಗುವ ಆಸರೆ ಕಡಿಮೆ. ಜೊತೆಗೆ ಮರಿ ಹಾಕುವುದೂ ನಿಧಾನ. ಹೆಣ್ಣಿಗೆ ನಾಲ್ಕೈದು ವರ್ಷ ಆದ ಮೇಲೆ ಮೊದಲ ಮರಿ, ಒಂದು ಸಲಕ್ಕೆ ಒಂದೇ.

ಹಾಗಾದರೆ ನಿಮ್ಮ ತೋಟದಲ್ಲಿ ಯಾಕೆ ಇಷ್ಟೊಂದು? ಒಟ್ಟು ಸಂಖ್ಯೆ ಇಳಿಯುವಾಗಲೇ ಕೆಲವು ಜಾಗದಲ್ಲಿ ಗುಂಪು ಸೇರುವುದು ಮಂಗಗಳ ವಿಷಯದಲ್ಲಿ ಸಾಮಾನ್ಯ. ಬೇರೆ ಕಡೆ ನೆಲೆ ಕಳೆದುಕೊಂಡವು, ಬೇರೆ ಊರಿನಲ್ಲಿ ಹಿಡಿದು ಬಿಟ್ಟವು, ಎರಡೂ ಬರುವುದು ಊಟ ಇರುವ ಕಡೆಗೆ. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆಯುವವರಿಂದ ಅವುಗಳಿಗೆ ಜನರ ಭಯವೂ ಹೋಗಿದೆ. ಇನ್ನು ತೋಟಗಳ ನೆರಳೂ ಬದಲಾಗಿದೆ. ಅತ್ತಿ, ಬಸರಿ, ಹಲಸು ಕಡಿದು ಸಿಲ್ವರ್ ಓಕ್ ಹಾಕಿದ ಕಡೆ ಮರದ ಮೇಲೆ ತಿನ್ನಲು ಏನೂ ಇಲ್ಲ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತೆ, ಮರ ಮಾರಿದರೆ ದುಡ್ಡೂ ಬರುತ್ತೆ, ಬೆಳೆಗಾರರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಹಣ್ಣಿನ ಮರ ಇಲ್ಲದ ತೋಟದಲ್ಲಿ ಮಂಗಕ್ಕೆ ಉಳಿಯುವುದು ನಿಮ್ಮ ಬಾಳೆಗೊನೆಯೇ.

ಸಿಳ್ಳೆ ಹಕ್ಕಿಯ ಲೆಕ್ಕ ಪೂರ್ತಿ ಬೇರೆ. ಅದು ಇಡೀ ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ, ಮಧ್ಯ ಭಾರತದ ಸಾತ್ಪುರ ಬೆಟ್ಟಗಳಲ್ಲೂ ಪೂರ್ವ ಘಟ್ಟದ ಕೆಲವು ಕಡೆಯೂ ಇದೆ. ಬೇಗ ಇಳಿಯುತ್ತಿದೆ ಅನ್ನುವ ಸಾಕ್ಷಿ ಇಲ್ಲ. ಒಂದು ಸಲಕ್ಕೆ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಹರಿಯುವ ನೀರು, ಬಂಡೆಯ ಸಂದು, ನೆರಳು ಇಷ್ಟಿದ್ದರೆ ತೋಟದಲ್ಲೂ ಗೂಡು ಕಟ್ಟುತ್ತದೆ. ಏಡಿ, ಕಪ್ಪೆ, ಎರೆಹುಳ, ಕೀಟ, ಹಣ್ಣು ಎಲ್ಲ ತಿನ್ನುತ್ತದೆ. ಪಟ್ಟಿಯ ಯಾವ ಅಳತೆಗೂ ಅದು ಸಿಗುವುದಿಲ್ಲ, ಆದ್ದರಿಂದ ಲೀಸ್ಟ್ ಕನ್ಸರ್ನ್.

ನಿಮಗೆ ಅದು ಅಪರೂಪ ಅನ್ನಿಸುವುದಕ್ಕೆ ಅದರ ಸ್ವಭಾವವೇ ಕಾರಣ. ಜೋಡಿಗಳು ಹಳ್ಳದ ಉದ್ದಕ್ಕೆ ತಮ್ಮ ತಮ್ಮ ಜಾಗ ಹಂಚಿಕೊಂಡು ಇರುತ್ತವೆ, ಗುಂಪಾಗಿ ಬರುವುದಿಲ್ಲ. ಮರಿ ಮಾಡುವ ಕಾಲದಲ್ಲಿ, ಅದರಲ್ಲೂ ಮುಂಗಾರು ಶುರುವಾದ ಮೇಲೆ, ಬೆಳಕು ಹರಿಯುವ ಮುಂಚೆ ಹಾಡುತ್ತವೆ. ಯಾರೋ ಹುಡುಗ ರಾಗ ನೆನಪಾಗದೆ ಸಿಳ್ಳೆ ಹಾಕುತ್ತಾ ಹೋದಂತೆ ಕೇಳುತ್ತದೆ. ಮಳೆ ನಿಂತ ಮೇಲೆ ಮೌನ, ಆಗ ಜನ ಹಕ್ಕಿಯೇ ಹೋಯಿತು ಅಂದುಕೊಳ್ಳುತ್ತಾರೆ. ಮಂಗ ಹಗಲು ಹೊತ್ತು, ಹಿಂಡು ಕಟ್ಟಿಕೊಂಡು, ಹೆಂಚಿನ ಮೇಲೆ ಕುಣಿಯುತ್ತದೆ. ಒಂದೇ ಗುಂಪು ದಿನಕ್ಕೆ ಮೂರು ಸಲ ಬಂದರೂ ಮೂರು ಗುಂಪು ಅನ್ನಿಸುತ್ತೆ, ಅಲ್ವಾ?

ಮಗಳಿಗೆ ಚಾರ್ಟ್‌ನಲ್ಲಿ ಜಾಗ ಇದ್ದರೆ ಇನ್ನೊಂದು ಜೋಡಿ ಸೇರಿಸಲು ಹೇಳಿ. ಇದು ಚಿಕ್ಕಮಗಳೂರು ಕಡೆಯದು. ಕುದುರೆಮುಖದ ಕಾಡಿನ ಸಿಂಗಳೀಕ, ಮತ್ತು ಬಾಬಾಬುಡನ್ ಗಿರಿಶ್ರೇಣಿಯ ಶೋಲಾ ಕಾಡಿನ ನೀಲಗಿರಿ ಬ್ಲೂ ರಾಬಿನ್. ಸಿಂಗಳೀಕ ನಮ್ಮ ಟೋಪಿಮಂಗದ ಜಾತಿಯದೇ (ಜಾತಿ ಅಂದರೆ ಇಲ್ಲಿ ಜೀನಸ್, ಕುಟುಂಬಕ್ಕೂ ಪ್ರಭೇದಕ್ಕೂ ನಡುವಿನ ಸಾಲು), ಮಕಾಕ ಸೈಲೆನಸ್. ಆದರೂ ಇವೆರಡು ತೀರಾ ಹತ್ತಿರದವಲ್ಲ. ಟೋಪಿಮಂಗದ ಹತ್ತಿರದ ನೆಂಟ ಶ್ರೀಲಂಕಾದಲ್ಲಿದೆ, ಸಿಂಗಳೀಕದ ಬಳಗ ಇಂಡೋನೇಷ್ಯಾ ಕಡೆ. ಬ್ಲೂ ರಾಬಿನ್ ಸಿಳ್ಳೆ ಹಕ್ಕಿಯ ಕುಟುಂಬದ್ದೇ ಹಾಡುಹಕ್ಕಿ, ಆದರೆ ಅಂಗೈಗಲದ್ದು. 1844ರಲ್ಲಿ ಜೆರ್ಡನ್ ಎಂಬ ಪಕ್ಷಿತಜ್ಞ ಇದನ್ನು ವಿವರಿಸಿದ. ಆಮೇಲೆ ಒಂದು ಜಾತಿಯಿಂದ ಇನ್ನೊಂದಕ್ಕೆ ಎಷ್ಟೋ ಸಲ ಎತ್ತಿ ಇಟ್ಟರು. ಕೊನೆಗೆ 2017ರಲ್ಲಿ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್‌ಎ ನೋಡಿ, ಇದು ಪಶ್ಚಿಮ ಘಟ್ಟದಲ್ಲೇ ಬೇರೆಯಾಗಿ ಬೆಳೆದ ಕವಲು ಅಂತ ತೋರಿಸಿ ಶೋಲಿಕೋಲ ಎಂಬ ಹೊಸ ಜಾತಿಯನ್ನೇ ಮಾಡಿದರು.

ಇವೆರಡೂ ಎಂಡೇಂಜರ್ಡ್. ಕಾರಣ ಮಾತ್ರ ಬೇರೆ ಬೇರೆ. ಬೆಳೆದ ಸಿಂಗಳೀಕಗಳು ಇಡೀ ಪಶ್ಚಿಮ ಘಟ್ಟದಲ್ಲಿ 2,500ಕ್ಕಿಂತ ಕಡಿಮೆ ಇವೆ ಅನ್ನುವ ಅಂದಾಜಿದೆ, ಅವೂ ಚೂರು ಚೂರು ಕಾಡುಗಳಲ್ಲಿ ಹಂಚಿಹೋಗಿವೆ. ಹಕ್ಕಿಯದು ಜಾಗದ ತೊಂದರೆ. ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಹುಲ್ಲುಗಾವಲಿನ ನಡುವೆ ಇರುವ ಶೋಲಾ ಬಿಟ್ಟರೆ ಅದಕ್ಕೆ ಗತಿ ಇಲ್ಲ. ಒಂದು ಶೋಲಾ ಹೋದರೆ ಬಯಲು ದಾಟಿ ಇನ್ನೊಂದಕ್ಕೆ ಹೋಗುವ ಹಕ್ಕಿ ಅದಲ್ಲ. ಈ ಜೋಡಿಯನ್ನು ಸೇರಿಸಿದರೆ ಒಂದೇ ಕುಟುಂಬದ ಎರಡು ಹಕ್ಕಿ, ಒಂದೇ ಜಾತಿಯ ಎರಡು ಮಂಗ, ನಾಲ್ಕರ ಸ್ಥಿತಿಯೂ ಒಂದೇ ಚಾರ್ಟ್‌ನಲ್ಲಿ ಕಾಣುತ್ತದೆ. ವರ್ಗೀಕರಣದ ಸಾಲು ನೋಡಿ ಸ್ಥಿತಿಯ ಸಾಲನ್ನು ಊಹಿಸಲು ಆಗುವುದಿಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಕೊನೆಗೆ ಹಿಡಿಸುವ ವಿಷಯ. ಕೆಂಪು ಪಟ್ಟಿ ಕಾನೂನಲ್ಲ. ಕಾನೂನು ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಡಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಂಗ ಹಿಡಿಯುವ ಹಾಗಿಲ್ಲ. ಹಣ ಕೊಟ್ಟರೆ ಹಿಡಿದುಕೊಂಡು ಹೋಗುತ್ತೇವೆ ಅಂತ ಬರುವವರನ್ನು ಒಳಗೆ ಬಿಡಬೇಡಿ, ಕೇಸ್ ಆದರೆ ಸಿಕ್ಕಿಬೀಳುವುದು ನೀವು. ಅನುಮತಿ ಸಿಕ್ಕಿ ಹಿಡಿಸಿದರೂ ಪ್ರಯೋಜನ ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಊಟ ಇರುವ ಜಾಗ ಖಾಲಿಯಾದರೆ ಪಕ್ಕದ ಗುಂಪು ಬಂದು ಸೇರಿಕೊಳ್ಳುತ್ತದೆ. ನಿಮ್ಮ ಮಂಗ ಇನ್ನೊಬ್ಬರ ತೋಟದ ಮಂಗ ಆಗುತ್ತದೆ.

ಅದರ ಬದಲು ಮನೆ ಹತ್ತಿರದ ಬಾಳೆಗೊನೆಯನ್ನು ಬಲಿತ ಕೂಡಲೇ ಕಡಿದು ಒಳಗೆ ಹಣ್ಣು ಮಾಡಿ. ಅಡುಗೆಮನೆಯ ಕಸವನ್ನು ಮುಚ್ಚಿದ ಗುಂಡಿಗೆ ಹಾಕಿ. ತೋಟದ ಕೆಲಸದವರ ಲೈನ್ ಮನೆಗಳಲ್ಲೂ ಇದೇ ಅಭ್ಯಾಸ ಆಗಬೇಕು, ಇಲ್ಲದಿದ್ದರೆ ಒಂದು ಮನೆ ಮಾಡಿ ಉಪಯೋಗವಿಲ್ಲ. ಹೊಸದಾಗಿ ನೆರಳಿಗೆ ಮರ ಹಾಕುವಾಗ ಹಳ್ಳದ ಬದಿಯಲ್ಲಾದರೂ ನಾಲ್ಕು ಅತ್ತಿ, ಬಸರಿ ಇರಲಿ. ಮಂಗಕ್ಕೆ ಮೇಲೆ ಊಟ ಸಿಗುತ್ತದೆ, ಹಳ್ಳಕ್ಕೆ ನೆರಳು ಉಳಿಯುತ್ತದೆ, ಸಿಳ್ಳೆ ಹಕ್ಕಿಗೆ ಬೇಕಾಗಿರುವುದೂ ಅದೇ.

ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಿಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯೂ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವುದು ಉಣ್ಣೆ ಹುಳ (ಉಣುಗು), ಮಂಗವೂ ನಮ್ಮ ಹಾಗೇ ಅದಕ್ಕೆ ಬಲಿಯಾಗುವ ಪ್ರಾಣಿ. ಸತ್ತ ಮಂಗದ ಮೈಮೇಲಿನ ಉಣ್ಣೆಗಳು ಸುತ್ತ ಉದುರಿರುತ್ತವೆ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಚಾರ್ಟ್‌ನಲ್ಲಿ ವಲ್ನರಬಲ್ ಎದುರಿಗೆ 2020 ಅಂತ ಇಸವಿಯನ್ನೂ ಬರೆಯಲಿ. ಪಕ್ಕದಲ್ಲಿ 2008ರ ಲೀಸ್ಟ್ ಕನ್ಸರ್ನ್ ಕೂಡ ಹಾಕಿದರೆ ಇನ್ನೂ ಚೆನ್ನ. ಮಾವನವರಿಗೆ ತೋರಿಸಲು ಅದೊಂದು ಸಾಲು ಸಾಕು.